ಖಂಡಸ್ಫುಟಿತ ಜೀರ್ಣೋದ್ಧಾರ: ನಾಗರಖಂಡದಿಂದ ಕಲಿಯಬೇಕಾದ ಗೃಹಧರ್ಮ

ಬನವಾಸಿ ೧೨೦೦೦ದ ಒಳನಾಡಾಗಿದ್ದ ನಾಗರಖಂಡ ೭೦ರ ನೆನಪುಗಳು ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಹರಡಿಕೊಂಡಿವೆ. ೧೦ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ಗಂಡನ ಮರಣಾನಂತರ ಈ ನಾಡನ್ನಾಳಿದ ಜಕ್ಕಿಯಬ್ಬೆಯು ಬಂದಳಿಕೆಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು. ೧೧ನೆಯ ಶತಮಾನದಲ್ಲಿ ಕದಂಬ ಕೀರ್ತಿದೇವನ ಅರಸಿ ಮಾಳಲದೇವಿಯು ಸೊರಬದ ಕುಪ್ಪಟೂರಿನ ಪಾರ್ಶ್ವನಾಥ ಚೈತ್ಯಾಲಯವನ್ನು ದಾನದಿಂದ ಪೋಷಿಸಿದಳು. ಉದ್ರಿ, ಹಿರೇಆವಲಿಗಳ ನಿಷಿಧಿಗಲ್ಲುಗಳು ಸಾಮಾನ್ಯ ಶ್ರಾವಕ-ಶ್ರಾವಿಕೆಯರ ಧರ್ಮನಿಷ್ಠೆಯನ್ನೂ ಸಾರುತ್ತವೆ.

ಕನ್ನಡ ನಾಡಿನ ಬಸದಿಗಳ ದತ್ತಿಶಾಸನಗಳಲ್ಲಿ ದೇವರ ಪೂಜೆ, ಋಷಿಗಳ ಆಹಾರದಾನಗಳೊಡನೆ ಮತ್ತೆ ಮತ್ತೆ ಕಾಣುವ ಇನ್ನೊಂದು ಉದ್ದೇಶ 'ಖಂಡಸ್ಫುಟಿತ ಜೀರ್ಣೋದ್ಧಾರ'. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲೆಂದೇ ಭೂಮಿಯ ಆದಾಯವನ್ನು ಮುಡಿಪಾಗಿಡುವುದು ಇದರ ಅರ್ಥ. ಕಟ್ಟುವ ದಿನವೇ ದುರಸ್ತಿಯ ಚಿಂತೆ ಮಾಡಿದ ಹಿರಿಯರ ವಿವೇಕವದು. ಆ ವ್ಯವಸ್ಥೆ ಕಡಿದಾಗ ಕಲ್ಲಿನ ಕಟ್ಟಡವೂ ಉಳಿಯದೆಂಬುದಕ್ಕೆ ಜನವಸತಿ ತೊರೆದ ಬಂದಳಿಕೆಯೇ ಸಾಕ್ಷಿ.

ಈ ವಿವೇಕ ಬಸದಿಗೆ ಮಾತ್ರವಲ್ಲ, ಮನೆಗೂ ಸಲ್ಲುತ್ತದೆ. ಮನೆ ಕಟ್ಟುವಲ್ಲಿ ಒದಗುವುದು ಆರಂಭೀ ಹಿಂಸೆ; ಗೃಹಸ್ಥನಿಗೆ ಅದು ಅನಿವಾರ್ಯ, ಆದರೆ ಅಮಿತವಾಗಕೂಡದು. ತತ್ತ್ವಾರ್ಥಸೂತ್ರವು ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ-ಮನೆಗಳ ಮಿತಿ ಮೀರುವುದನ್ನು ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಮೊದಲು ಎಣಿಸಿದೆ. ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನೂ ನೀರು ಚೆಲ್ಲುವುದನ್ನೂ ಗಿಡಮರ ಕಡಿಯುವುದನ್ನೂ ಸಮಂತಭದ್ರಾಚಾರ್ಯರು ಪ್ರಮಾದಚರ್ಯೆ ಎಂದು ಕರೆದಿದ್ದಾರೆ. ಗಟ್ಟಿಯಾಗಿರುವ ಮನೆಯನ್ನು ಮೋಹಕ್ಕಾಗಿ ಕೆಡವಿ, ಮತ್ತೆ ಇಟ್ಟಿಗೆ ಸುಟ್ಟು ಮರಳು ತೆಗೆಸುವುದು ಇದಕ್ಕಿಂತ ಬೇರೆಯೇ?

ಮಲೆನಾಡಿನ ಅಂಚಿನ ಹಳೆಯ ಮನೆಗಳ ದಪ್ಪ ಮಣ್ಣುಗೋಡೆ, ಮುಂಚಾಚಿದ ಸೂರು, ಜಗುಲಿ, ಹೆಂಚಿನ ಇಳಿಜಾರು ಮಾಡು ಮಳೆ-ಬಿಸಿಲುಗಳನ್ನು ಅರಿತು ರೂಪುಗೊಂಡವು. ಇಂತಹ ಮನೆಯನ್ನು ಕೊಳ್ಳುವವರು ಮೊದಲು ತಳಪಾಯ, ತೊಲೆ, ಸೋರುವ ಮೂಲೆಗಳನ್ನು ಪರಿಶೀಲಿಸಬೇಕು. ಮಣ್ಣುಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ; ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ನಿಂತು ಗೋಡೆ ಸಡಿಲಗೊಳ್ಳುತ್ತದೆ. ಸುಣ್ಣದ ಗಾರೆಯೇ ಅಲ್ಲಿ ಯೋಗ್ಯ. ಒಡೆದ ಹೆಂಚನ್ನಷ್ಟೇ ಬದಲಿಸಿ, ಕೆಟ್ಟ ಮರವನ್ನಷ್ಟೇ ತೆಗೆದು, ಉಳಿದುದನ್ನು ಉಳಿಸಿಕೊಳ್ಳಬಹುದು. ಮಾಡಿನ ನೀರನ್ನು ತೊಟ್ಟಿಗೆ ಹಾಯಿಸಿ, ಸೋಸಿ ಬಳಸಬಹುದು. ಜೀವೋತ್ಪತ್ತಿ ಹೆಚ್ಚೆಂದು ಮುನಿಗಳು ವಿಹಾರ ನಿಲ್ಲಿಸುವ ಚಾತುರ್ಮಾಸದಲ್ಲಿ ನೆಲ ಅಗೆಯುವ ಕೆಲಸವನ್ನು ಬಿಟ್ಟು, ಒಣದಿನಗಳಲ್ಲಿ ಕೈಗೊಳ್ಳುವುದು ಲೇಸು.

ಹಳೆಯದೆಲ್ಲವೂ ಪೂಜ್ಯವೆಂದಲ್ಲ. ಕುಸಿಯುವ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸುವುದೂ ಹಿಂಸೆಯೇ. ಅಂತಹುದನ್ನು ಕೆಡವಲೇಬೇಕು, ಆಗಲೂ ಕಲ್ಲು, ಮರ, ಹೆಂಚುಗಳು ಮತ್ತೆ ಬಳಕೆಗೆ ಬರುವಂತೆ ಬಿಚ್ಚಬೇಕು.

ಹೊಸ ಪ್ರವೇಶದ್ವಾರಕ್ಕೆ ದಾನಿಗಳು ಬೇಗ ದೊರೆಯುತ್ತಾರೆ. ಸೋರುವ ಮಾಡಿಗೆ ದೊರೆಯುವುದು ಕಷ್ಟ. ಬಸದಿಯ ಆಡಳಿತ ಮಂಡಳಿಗಳು ವರ್ಷದ ಲೆಕ್ಕದಲ್ಲಿ, ಗೃಹಸ್ಥರು ತಮ್ಮ ಉಳಿತಾಯದಲ್ಲಿ, ಜೀರ್ಣೋದ್ಧಾರಕ್ಕೆಂದು ಒಂದು ಪಾಲನ್ನು ತೆಗೆದಿರಿಸುವುದಾದರೆ ಶಾಸನದ ಆ ಎರಡು ಪದಗಳು ಕಲ್ಲಿನಿಂದ ಬದುಕಿಗೆ ಇಳಿದಂತಾಗುತ್ತದೆ.