ಅಪ್ಪನ ತರ್ಟಿ-ಫಾರ್ಟಿ: ರೆವಿನ್ಯೂ ಸೈಟ್ ಹುಟ್ಟಿದ ಕಥೆ

 

ಹೋದ ವಾರ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿದೆ. "ಅಕ್ಕಾ, ಐದು ಲಕ್ಷ ಕೂಡಿಟ್ಟಿದ್ದೀನಿ. ಬೆಂಗಳೂರಿನ ಹೊರಗೆ ಒಂದು ಸೈಟ್ ನೋಡಿದೆ. ಅಡ್ವಾನ್ಸ್ ಕೊಟ್ಬಿಡ್ಲಾ? ಕನ್ವರ್ಷನ್ ಆಗ್ತಾ ಇದೆಯಂತೆ."

ಈ "ಆಗ್ತಾ ಇದೆಯಂತೆ" ನಮ್ಮನೆಯಲ್ಲಿ ಹಳೇ ಮಾತು. 1994ರಲ್ಲಿ ಅಪ್ಪ ಪಿಎಫ್ ಹಣ ತೆಗೆದು, ಅಮ್ಮನ ಎರಡು ಬಳೆ ಮಾರಿ ಒಂದು ತರ್ಟಿ-ಫಾರ್ಟಿ ಕೊಂಡಾಗಲೂ ಮಾರಿದವರು ಇದನ್ನೇ ಹೇಳಿದ್ದರು. ಹಾಗಾಗಿ ತಮ್ಮನಿಗೆ ಬೇಕು, ಬೇಡ ಅನ್ನೋ ಮೊದಲು ನಾನು ಈ ಊರಿನ ಸೈಟುಗಳ ಕಥೆ ಹೇಳಿದೆ. ಅದನ್ನೇ ಇವತ್ತು ನಿಮಗೂ ಹೇಳ್ತೀನಿ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಜನ ಸಾಯತೊಡಗಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡದ್ದು ಆ ಹೊತ್ತಿನಲ್ಲಿ. ಅಗಲವಾದ ನೇರ ರಸ್ತೆ, ಮನೆಗಳ ಹಿಂದೆ ಕಸ-ಕೊಳೆ ಸಾಗಿಸೋಕೆ ಕನ್ಸರ್ವೆನ್ಸಿ ಗಲ್ಲಿ. ಈಗ ಅವುಗಳಲ್ಲಿ ಸ್ಕೂಟರ್ ನಿಲ್ಲಿಸ್ತಾರೆ, ಅದು ಬಿಡಿ. ಮುಖ್ಯ ಸಂಗತಿ ಅಂದ್ರೆ, ಮೊದಲು ಸರ್ಕಾರ ನಕ್ಷೆ ಬರೆಯಿತು, ಆಮೇಲೆ ಸೈಟ್ ಹಂಚಿತು. 1945ರಲ್ಲಿ ಬಂದ ಸಿಐಟಿಬಿ, ಅಂದ್ರೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು, ಜಯನಗರವನ್ನೂ ಹೀಗೇ ಕಟ್ಟಿತು. 1976ರ ಕಾಯ್ದೆಯಿಂದ ಅದರ ಜಾಗಕ್ಕೆ ಬಿಡಿಎ ಬಂತು.

ಆದರೆ ಊರು ಬೆಳೆದಷ್ಟು ಬೇಗ ಸೈಟು ಬರಲಿಲ್ಲ. ಕಾರ್ಖಾನೆ ನೌಕರರು, ಗುಮಾಸ್ತರು, ಮೇಷ್ಟ್ರುಗಳು ಅರ್ಜಿ ಹಾಕಿ ಕಾದರು. ಅಪ್ಪ ಮೂರು ಸಲ ಹಾಕಿದ್ದರು. ಕಾದು ಸಾಕಾದವರು ಊರಂಚಿನ ಹೊಲಗಳ ಕಡೆ ಹೊರಟರು. ಅಲ್ಲಿ ರಾಗಿ ಹೊಲಕ್ಕೆ ಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು ಮಾರೋರು ಸಿದ್ಧವಾಗಿದ್ದರು. ದಾಖಲೆಯಲ್ಲಿ ಅದು ಇನ್ನೂ ಕಂದಾಯ ಇಲಾಖೆಯ ಲೆಕ್ಕದ ಕೃಷಿ ಜಮೀನು. ರೆವಿನ್ಯೂ ಸೈಟ್ ಅನ್ನೋ ಹೆಸರು ಬಂದದ್ದು ಹೀಗೆ.

ತೊಡಕು ಎರಡು ಕಡೆ ಇತ್ತು. 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ, ಹೊಲದಲ್ಲಿ ಮನೆ ಕಟ್ಟಬೇಕಾದ್ರೆ ಭೂ ಪರಿವರ್ತನೆ ಆಗಬೇಕು. ಜನ ಅದನ್ನ ಡಿಸಿ ಕನ್ವರ್ಷನ್ ಅಂತಾರೆ. ಜೊತೆಗೆ 1961ರ ಭೂ ಸುಧಾರಣೆ ಕಾಯ್ದೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋದನ್ನ ತಡೆದಿತ್ತು. ಅದು ಸಡಿಲವಾದದ್ದು 2020ರಲ್ಲಿ. ಹಾಗಿದ್ರೆ ಅಪ್ಪನಂಥ ಗುಮಾಸ್ತರು ಕೊಂಡದ್ದು ಹೇಗೆ? ಜಿಪಿಎ ಮೇಲೆ. ಕ್ರಯಪತ್ರದ ಬದಲು ಒಂದು ಅಧಿಕಾರಪತ್ರ, ಒಂದು ಅಗ್ರಿಮೆಂಟ್, ಒಂದು ಅಫಿಡವಿಟ್. ಆ ಮೂರು ಕಾಗದವನ್ನ ಅಪ್ಪ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬೀರುವಿನಲ್ಲಿ ದೇವರ ಫೋಟೋ ಪಕ್ಕ ಇಟ್ಟಿದ್ದರು.

ಜಿಪಿಎ ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದರ ಬಲವೂ ಹೋಗುತ್ತೆ. ನಮ್ಮ ವಿಷಯದಲ್ಲಿ ಅದೇ ಆಯ್ತು. ಜಮೀನಿನ ಯಜಮಾನರು ಹೋದ ಮೇಲೆ ಅವರ ಮಕ್ಕಳು ಬಂದು, "ನಾವೇನೂ ಸೈನ್ ಹಾಕಿಲ್ವಲ್ಲ ಸಾರ್" ಅಂದರು. ಸುಳ್ಳೇನೂ ಹೇಳಲಿಲ್ಲ. ಅಪ್ಪ ಅದೇ ಸೈಟಿಗೆ ಎರಡನೇ ಸಲ ದುಡ್ಡು ಕೊಟ್ಟರು. ಜಿಪಿಎ ಮೂಲಕ ಮಾಲೀಕತ್ವ ಬರಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಅಂತ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದ್ದು 2011ರಲ್ಲಿ.

2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯ್ತು. ಇಂಥ ಸೈಟುಗಳು ಒಮ್ಮೆಲೇ ನಗರದೊಳಗೆ ಬಂದವು. ತೆರಿಗೆ ಬೇಕು, ಆದರೆ ಸಕ್ರಮ ಅಂತ ಒಪ್ಪೋ ಹಾಗಿಲ್ಲ. ಅದಕ್ಕೇ ಇನ್ನೊಂದು ರಿಜಿಸ್ಟರು ಇಟ್ಟರು. ನಾವು ಬಿ ಖಾತೆ ಅನ್ನೋದು ಇದನ್ನೇ. ಸಕ್ರಮ ಮಾಡಿಕೊಡ್ತೀವಿ ಅಂದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಸರ್ಕಾರ ಬಿ ಖಾತೆಯನ್ನ ಎ ಮಾಡಿಕೊಡೋ ದಾರಿ ತೆರೆದಿದೆ. ಆದರೆ ಎ ಆಗಲಿ ಬಿ ಆಗಲಿ, ಖಾತೆ ಅನ್ನೋದು ತೆರಿಗೆಯ ಲೆಕ್ಕ. ಅದು ಮಾಲೀಕತ್ವದ ಪತ್ರ ಅಲ್ಲ. ಅಪ್ಪನಿಗೆ ಇದನ್ನ ಅರ್ಥಮಾಡಿಸೋಕೆ ನನಗೆ ಎರಡು ವರ್ಷ ಬೇಕಾಯ್ತು. "ಟ್ಯಾಕ್ಸ್ ಕಟ್ಟಿದೀನಲ್ಲಮ್ಮ" ಅಂತಲೇ ಇದ್ದರು.

ಹಾಗಂತ ರೆವಿನ್ಯೂ ಸೈಟ್ ಕೊಂಡವರನ್ನ ದಡ್ಡರು ಅನ್ನೋದು ನನಗೆ ಇಷ್ಟವಾಗಲ್ಲ. ಅವರಿಗೆ ಪಹಣಿ ನೋಡಬೇಕು ಅಂದ್ರೆ ಶಾನುಭೋಗರ ಹಿಂದೆ, ಆಮೇಲೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯಬೇಕಿತ್ತು. ನಿಮಗೆ ಅದು ಫೋನಲ್ಲೇ ಸಿಗುತ್ತೆ. ಭೂಮಿ ವೆಬ್‌ಸೈಟಲ್ಲಿ ಸರ್ವೆ ನಂಬರ್ ಹಾಕಿದ್ರೆ ಪಹಣಿ ಬರುತ್ತೆ, ಕಾವೇರಿಯಲ್ಲಿ ಇಸಿ ತೆಗೆದ್ರೆ ಆ ಜಾಗದ ಮೇಲಿನ ನೋಂದಾಯಿತ ವ್ಯವಹಾರ, ಸಾಲ ಕಾಣುತ್ತೆ. 2016ರ ರೇರಾ ಕಾಯ್ದೆ ಪ್ರಕಾರ ಹತ್ತಾರು ಸೈಟಿನ ಹೊಸ ಲೇಔಟಿಗೆ ನೋಂದಣಿ ಆಗದೆ ಜಾಹೀರಾತೂ ಕೊಡೋ ಹಾಗಿಲ್ಲ. ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ತಗೊಳ್ಳೋ ಹಾಗೂ ಇಲ್ಲ.

ಇಷ್ಟು ಕೇಳಿದ ಮೇಲೆ ತಮ್ಮ ಕೊಂಚ ಬೇಜಾರಲ್ಲೇ ಫೋನಿಟ್ಟ. ಎರಡು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ ಮತ್ತೆ ಮಾಡಿದ.

"ಅಕ್ಕಾ, ಪಹಣಿ ತೆಗೆದೆ. ಐದು ಜನರ ಹೆಸರಿದೆ."

"ಸರಿ, ನಿಂಗೆ ಮಾರ್ತಿರೋರು ಆ ಐದರಲ್ಲಿ ಯಾರು?"

"ಅದೇ ಅಕ್ಕಾ... ಅವರ ಹೆಸರೇ ಇಲ್ಲ."