ಪುಣೆಯಿಂದ ಲೋಣೇರೆಯವರೆಗೆ: ನಮ್ಮ ಮಕ್ಕಳ ಇಂಜಿನಿಯರಿಂಗ್ ಹಾದಿ

ಹನ್ನೆರಡನೆಯ ತರಗತಿಯ ಫಲಿತಾಂಶ ಬಂದಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡ ಮನೆಗಳಲ್ಲಿ ಒಂದೇ ಮಾತು. ಮುಂಬಯಿ ವಿಶ್ವವಿದ್ಯಾಲಯದ ಕಾಲೇಜೋ, ಲೋಣೇರೆಯದೋ, ನವಿ ಮುಂಬಯಿಯ ಡೀಮ್ಡ್ ವಿಶ್ವವಿದ್ಯಾಲಯವೋ, ಅಥವಾ ಊರ ಕಡೆ ಹೋಗಿ ವಿ.ಟಿ.ಯು.ವೋ? ಸಂಘದ ವಾಚನಾಲಯದಲ್ಲಿ ಹಿರಿಯರೊಬ್ಬರು ತಮ್ಮ ಮೊಮ್ಮಗನ ಸಲುವಾಗಿ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನನ್ನ ಮಗಳೂ ಈ ವರ್ಷ ಅದೇ ಸಾಲಿನಲ್ಲಿ ನಿಂತಿದ್ದಾಳೆ.

ನಾನು ಇಂಜಿನಿಯರನಲ್ಲ, ಬಿ.ಎಸ್ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾದವನು. ಇಂಜಿನಿಯರಿಂಗಿಗೆ ಬೇಕಾದಷ್ಟು ಅಂಕಗಳಿದ್ದವು. ಆದರೆ ಕಾಲೇಜು ದೂರದಲ್ಲಿತ್ತು, ಹಾಸ್ಟೆಲಿನ ಖರ್ಚು ತೂಗಲಿಲ್ಲ. ತಂದೆಯವರು, "ಇಲ್ಲೇ ಇದ್ದು ಬಿ.ಎಸ್ಸಿ. ಓದಪ್ಪಾ" ಅಂದರು, ಓದಿದೆ. ಆದ್ದರಿಂದ ಇದು ಪಂಡಿತರ ಲೇಖನವಲ್ಲ. ಕೆಲವು ಭಾನುವಾರ ಹಳೆಯ ಸಂಗತಿಗಳನ್ನು ಕೆದಕಿ ನೋಡಿದಾಗ ಕಂಡದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ, ಅಷ್ಟೆ.

ಮೊದಲು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರಿಂದಲೇ ಪ್ರಾರಂಭಿಸೋಣ. ಅವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಆದರು, ಆ ಪದವಿ ಮದರಾಸು ವಿಶ್ವವಿದ್ಯಾಲಯದ್ದು. ಇಂಜಿನಿಯರಿಂಗ್ ಕಲಿಯಲು ಮೈಸೂರು ಸಂಸ್ಥಾನದಲ್ಲಿ ಕಾಲೇಜೇ ಇರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದ ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. 1854ರಲ್ಲಿ ಲೋಕೋಪಯೋಗಿ ಇಲಾಖೆಯ ಕೆಳದರ್ಜೆಯ ನೌಕರರನ್ನು ತಯಾರಿಸಲು ಶುರುವಾದ ಇಂಜಿನಿಯರಿಂಗ್ ಶಾಲೆಯೇ ಮುಂದೆ ಆ ಕಾಲೇಜಾಗಿತ್ತು. ಅದು 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾಗಿ, ಜೇಮ್ಸ್ ಬರ್ಕ್ಲೆ ಬಹುಮಾನ ಪಡೆದು, ಮರುವರ್ಷ ಮುಂಬಯಿ ಸರಕಾರದ ಸಹಾಯಕ ಇಂಜಿನಿಯರರಾದರು.

ಈ ಬರ್ಕ್ಲೆ ಯಾರೆಂದು ನಮ್ಮ ಭಾಗದವರು ತಿಳಿದಿರಬೇಕು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಇಂಜಿನಿಯರನಾಗಿ, 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ದೇಶದ ಮೊದಲ ಪ್ರಯಾಣಿಕರ ರೈಲಿನ ಹಾದಿಯನ್ನು ಹಾಕಿಸಿದವನು ಆತ. ನಾವು ದಿನವೂ ಬಾಗಿಲಲ್ಲಿ ಜೋತುಬಿದ್ದು ಹೋಗುವ ಹಳಿಗೂ ನಮ್ಮ ವಿಶ್ವೇಶ್ವರಯ್ಯನವರ ಬಹುಮಾನಕ್ಕೂ ಹೀಗೊಂದು ನಂಟು.

ಗಮನಿಸಬೇಕಾದ ಮಾತು ಬೇರೆಯೇ ಇದೆ. ಮೈಸೂರು ಸೀಮೆಯ ಆ ಹುಡುಗನ ಕೈಯಲ್ಲಿದ್ದುದು ಮದರಾಸಿನ ಪದವಿ, ಮುಂಬಯಿಯ ಲೈಸೆನ್ಸಿಯೇಟ್. ಮೈಸೂರಿನದು ಒಂದೂ ಇಲ್ಲ. ಯಾವ ವಿಶ್ವವಿದ್ಯಾಲಯ ಮೇಲು ಎಂದು ಆರಿಸುವ ಭಾಗ್ಯ ಅವರಿಗಿರಲಿಲ್ಲ. ಇದ್ದ ಹಾದಿ ಒಂದು, ಅದನ್ನು ತೆರೆದದ್ದು ವಿದ್ಯಾರ್ಥಿವೇತನ. ದಿವಾನರಾದ ಮೇಲೆ ಅವರು ಆ ಕೊರತೆಯನ್ನು ಮರೆಯಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆದವು. ಮುಂದಿನ ತಲೆಮಾರಿನ ಹುಡುಗ ಪುಣೆಗೆ ಹೋಗಬೇಕಾದ ಅಗತ್ಯವಿರಲಿಲ್ಲ.

ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರ ಕಥೆ ಇನ್ನೊಂದು. ಅವರು ಮುಂಬಯಿ ಪ್ರಾಂತಕ್ಕೆ ಸೇರಿದವರು. ಕರಾಚಿಯ ಕಾಲೇಜಿನಿಂದ ಧಾರವಾಡದ ಕಾಲೇಜಿನವರೆಗೆ ಎಲ್ಲಕ್ಕೂ ಮುಂಬಯಿಯದೇ ಮುದ್ರೆ. ಆದರೆ ವಿಚಿತ್ರ ನೋಡಿ: ವಿಶ್ವವಿದ್ಯಾಲಯ ಮುಂಬಯಿಯಲ್ಲಿ, ಅದರ ಇಂಜಿನಿಯರಿಂಗ್ ಪದವಿಗೆ ಮಾತ್ರ ಮುಂಬಯಿಯ ಹುಡುಗನೂ ಬಹುಕಾಲ ಪುಣೆಗೇ ಹೋಗಬೇಕಾಗಿತ್ತು. 1887ರಲ್ಲಿ ಭಾಯಖಳಾದಲ್ಲಿ ಹುಟ್ಟಿ 1923ರಲ್ಲಿ ಮಾಟುಂಗಕ್ಕೆ ಬಂದ ವಿ.ಜೆ.ಟಿ.ಐ.ಯಲ್ಲಿ ಮೊದಲು ಕಲಿಸುತ್ತಿದ್ದುದು ಡಿಪ್ಲೊಮಾ ಮಟ್ಟದ ವಿದ್ಯೆ. ಪದವಿ ತರಗತಿಗಳು ಅನಂತರ ಬಂದವು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕರ್ನಾಟಕದ ಕಡೆ ಬಾಗಿಲುಗಳು ಒಂದೊಂದಾಗಿ ತೆರೆದವು. 1946ರಲ್ಲಿ ಬೆಂಗಳೂರಿನ ಬಿ.ಎಂ.ಎಸ್. ಮತ್ತು ಮೈಸೂರಿನ ಎನ್.ಐ.ಇ., 1947ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ., 1957ರಲ್ಲಿ ಮಣಿಪಾಲದ ಎಂ.ಐ.ಟಿ., 1960ರಲ್ಲಿ ಸುರತ್ಕಲ್ಲಿನ ಕೆ.ಆರ್.ಇ.ಸಿ., 1963ರಲ್ಲಿ ಬಾಗಲಕೋಟೆಯ ಬಸವೇಶ್ವರ ಕಾಲೇಜು. ಇತ್ತ ಮುಂಬಯಿಯಲ್ಲಿ 1958ರಲ್ಲಿ ಪವಯಿಯ ಐ.ಐ.ಟಿ., 1962ರಲ್ಲಿ ಅಂಧೇರಿಯ ಸರದಾರ ಪಟೇಲ್ ಕಾಲೇಜು ಆದವು. ಆದರೂ ಮಹಾನಗರದ ಜನಸಂಖ್ಯೆಗೆ ಆ ಸೀಟುಗಳು ಯಾವ ಮೂಲೆಗೂ ಸಾಲದಾದವು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕನ್ನಡ, ತುಳು ಮನೆಗಳ ಹುಡುಗರು ಟ್ರಂಕು ಹಿಡಿದು ಊರಿನ ಕಡೆಗೇ ಹೊರಟದ್ದು ಆಗಲೇ. ವಿಶ್ವೇಶ್ವರಯ್ಯನವರು ಬಂದ ದಾರಿಯಲ್ಲಿ ಇವರು ಮರಳಿ ಹೋದರು. ಬುದ್ಧಿಯಿದ್ದವರಿಗೆ ಸುರತ್ಕಲ್, ಹಣವಿದ್ದವರಿಗೆ ಡೊನೇಶನ್ನಿನ ಕಾಲೇಜು, ಎರಡೂ ಸಾಲದವರಿಗೆ ಬಿ.ಎಸ್ಸಿ. ಎಂಬ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತಿತ್ತು.

ಈ ಓಟಕ್ಕೆ ತಡೆ ಬಿದ್ದದ್ದು 1983ರಲ್ಲಿ. ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ವಸಂತದಾದಾ ಪಾಟೀಲರು ಸರಕಾರದ ಅನುದಾನವಿಲ್ಲದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಟ್ಟರು. ನಮ್ಮ ಹುಡುಗರು ಹಣ ಕಟ್ಟಿ ಪರರಾಜ್ಯಕ್ಕೆ ಹೋಗುವುದೇಕೆ ಎಂಬುದು ಅಲ್ಲಿಯ ವಾದ. ಅದೇ ವರ್ಷ ವಿದ್ಯಾವಿಹಾರದ ಸೋಮಯ್ಯ, ಬಾಂದ್ರಾದ ಥಡೋಮಲ್ ಶಹಾನಿ, ನೆರೂಳಿನ ರಾಮರಾವ್ ಆದಿಕ್ ಕಾಲೇಜುಗಳು ತೆರೆದವು. 1984ರಲ್ಲಿ ಚೆಂಬೂರಿನ ವಿವೇಕಾನಂದ, 1988ರಲ್ಲಿ ಐರೋಲಿಯ ದತ್ತಾ ಮೇಘೆ, 1990ರಲ್ಲಿ ಬೇಲಾಪುರದ ಭಾರತಿ ವಿದ್ಯಾಪೀಠ, 1991ರಲ್ಲಿ ನೆರೂಳಿನ ತೇರಣಾ, 1994ರಲ್ಲಿ ವಾಶಿಯ ಫಾದರ್ ಆಗ್ನೆಲ್ ಸಂಸ್ಥೆಯ ಕಾಲೇಜು, 2002ರಲ್ಲಿ ನೆರೂಳಿನ ಎಸ್.ಐ.ಇ.ಎಸ್. ಬಂದವು. ಇವುಗಳಲ್ಲಿ ಎಷ್ಟು ನವಿ ಮುಂಬಯಿಯಲ್ಲಿವೆ ಎಂಬುದನ್ನು ನೋಡಿ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಹೊಸ ನಗರ ಏಳುತ್ತಿತ್ತು; ಹಳೆಯ ಮುಂಬಯಿಯಲ್ಲಿ ಕಾಲೇಜಿಗೆ ಬೇಕಾದ ಜಾಗ ದುರ್ಲಭ, ಇಲ್ಲಿ ಜಾಗವಿತ್ತು.

ದುಡ್ಡಿನ ಹಾವಳಿಗೆ ಕಾಯಿದೆಗಳೂ ಬಂದವು. ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕ 1984ರಲ್ಲಿ, ಮಹಾರಾಷ್ಟ್ರ 1987ರಲ್ಲಿ ನಿಷೇಧಿಸಿದವು. 1993ರ ಉನ್ನಿಕೃಷ್ಣನ್ ತೀರ್ಪು, 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಎಂದು ಸುಪ್ರೀಂ ಕೋರ್ಟಿನವರೆಗೆ ಈ ವ್ಯಾಜ್ಯ ನಡೆಯಿತು. ಎರಡನೆಯದರ ಹೆಸರಿನಲ್ಲೇ ನಮ್ಮ ಮಣಿಪಾಲ ಇದೆ.

ಕಾಲೇಜು ಇದ್ದರಾಯಿತೆ, ಹೋಗುವುದು ಹೇಗೆ? 1992ರಲ್ಲಿ ಮಾನಖುರ್ದದಿಂದ ವಾಶಿಗೆ ರೈಲು ಬಂದ ಮೇಲೂ ಡೊಂಬಿವಲಿಯ ಹುಡುಗ ರೈಲಿನಲ್ಲಿ ಹೋಗುವುದಾದರೆ ಕುರ್ಲಾಕ್ಕೆ ಹೋಗಿ ಹಾರ್ಬರ್ ಗಾಡಿ ಹಿಡಿಯಬೇಕಾಗಿತ್ತು. 2004ರ ನವೆಂಬರಿನಲ್ಲಿ ಠಾಣೆ-ವಾಶಿ ಮಾರ್ಗ ತೆರೆಯಿತು. ಅಂದಿನಿಂದ ಠಾಣೆಯಲ್ಲಿ ಗಾಡಿ ಬದಲಿಸಿದರೆ ಐರೋಲಿ, ಕೋಪರಖೈರಣೆಗಳು ಕೈಗೆಟಕುವಂತಾದವು. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುತ್ತಿದ್ದ ಎಷ್ಟೋ ಮನೆಗಳಿಗೆ ಆ ರೈಲೇ ಕಾಲೇಜನ್ನು ಹತ್ತಿರ ತಂದಿತು.

ಇನ್ನು ವಿಶ್ವವಿದ್ಯಾಲಯದ ಹೆಸರಿನ ಪ್ರಶ್ನೆ. ಇತಿಹಾಸ ನೋಡಿದರೆ ಇಷ್ಟು ಚಂಚಲವಾದ ವಸ್ತು ಇನ್ನೊಂದಿಲ್ಲ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಮೊದಲು ಮೈಸೂರು ವಿಶ್ವವಿದ್ಯಾಲಯದ್ದು, 1964ರಿಂದ ಬೆಂಗಳೂರಿನದು, 2021ರ ಕಾಯಿದೆಯ ಮೇಲೆ ತಾನೇ ಒಂದು ವಿಶ್ವವಿದ್ಯಾಲಯ. ಹುಬ್ಬಳ್ಳಿಯ ಬಿ.ವಿ.ಬಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿತ್ತು, 1998ರಲ್ಲಿ ಬೆಳಗಾವಿಯಲ್ಲಿ ವಿ.ಟಿ.ಯು. ಆದಾಗ ಅಲ್ಲಿಗೆ ಹೋಯಿತು, 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲಾ ಮಣಿಪಾಲದಲ್ಲಿ ಓದಿ 1988ರಲ್ಲಿ ಪಡೆದದ್ದು ಮಂಗಳೂರು ವಿಶ್ವವಿದ್ಯಾಲಯದ ಪದವಿ. ಇಂದು ಅಲ್ಲಿ ಓದುವವರಿಗೆ ಸಿಗುವುದು ಮಣಿಪಾಲದ್ದೇ ಪದವಿ. ಇಲ್ಲಿಯೂ ಹಾಗೆಯೇ. ಸೋಮಯ್ಯ 2019ರಲ್ಲಿ ಸ್ವಂತ ವಿಶ್ವವಿದ್ಯಾಲಯದೊಳಗೆ ಹೋಯಿತು. ನೆರೂಳಿನ ರಾಮರಾವ್ ಆದಿಕ್ ಡಿ.ವೈ. ಪಾಟೀಲ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿತು. ರಾಯಗಡ ಜಿಲ್ಲೆಯ ಲೋಣೇರೆಯಲ್ಲಿ 1989ರಲ್ಲಿ ಸ್ಥಾಪನೆಯಾದ ಡಾ. ಬಾಬಾಸಾಹೇಬ ಅಂಬೇಡ್ಕರ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ 2014ರ ಕಾಯಿದೆಯಿಂದ ರಾಜ್ಯದ ಬೇರೆ ಕಾಲೇಜುಗಳನ್ನು ಸೇರಿಸಿಕೊಳ್ಳುವ ಅಧಿಕಾರ ಬಂದಿತು. ಕಟ್ಟಡ ಅದೇ, ಪ್ರಯೋಗಶಾಲೆ ಅದೇ, ಹಲವು ಕಡೆ ಅಧ್ಯಾಪಕರೂ ಅವರೇ, ಬದಲಾಗುವುದು ಫಲಕ.

ಹಾಗೆಂದು ಹೆಸರಿಗೆ ಅರ್ಥವೇ ಇಲ್ಲವೆಂದಲ್ಲ. ಪರೀಕ್ಷೆ ನಡೆಸಿ ಫಲಿತಾಂಶ ಕೊಡುವವರು ಯಾರು ಎಂಬುದು ದೊಡ್ಡ ಮಾತು. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಉತ್ತರಪತ್ರಿಕೆಗಳನ್ನು ಗಣಕಯಂತ್ರದ ಪರದೆಯ ಮೇಲೆ ತಿದ್ದುವ ಪದ್ಧತಿಯನ್ನು ತಂದಾಗ ಫಲಿತಾಂಶಗಳು ತಿಂಗಳುಗಟ್ಟಲೆ ತಡವಾದವು, ಕೊನೆಗೆ ಕುಲಪತಿಗಳೇ ಹುದ್ದೆಯಿಂದ ಹೋಗಬೇಕಾಯಿತು. ನೂರಅರವತ್ತು ವರ್ಷಗಳ ಹೆಸರು ಆ ವರ್ಷದ ಮಕ್ಕಳಿಗೆ ನೆರವಾಗಲಿಲ್ಲ. ಸ್ವಾಯತ್ತ ಕಾಲೇಜಿನಲ್ಲಿ ಪಾಠಕ್ರಮ, ಪರೀಕ್ಷೆ ಕಾಲೇಜಿನದು, ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಇದನ್ನೂ ಕೇಳಿ ತಿಳಿಯಬೇಕು.

ನಿಯಮಗಳ ಮಾತನ್ನೂ ಹೇಳಿಬಿಡುತ್ತೇನೆ. ಹನ್ನೆರಡನೆಯ ತರಗತಿಯನ್ನು ಠಾಣೆ, ರಾಯಗಡ ಜಿಲ್ಲೆಗಳಲ್ಲಿ ಮುಗಿಸಿದವರಿಗೆ ಮುಂಬಯಿಯೇ ‘ಹೋಮ್ ಯೂನಿವರ್ಸಿಟಿ’. ಅದರ ಕಾಲೇಜುಗಳ ರಾಜ್ಯದ ಪಾಲಿನ ಸೀಟುಗಳಲ್ಲಿ ಸಾಮಾನ್ಯವಾಗಿ ಶೇಕಡಾ 70 ಸ್ಥಳೀಯರಿಗೆ, 30 ಹೊರಗಿನವರಿಗೆ. ಕೇಂದ್ರ ಸರಕಾರದ ನೌಕರರು ವರ್ಗವಾಗಿ ಮಹಾರಾಷ್ಟ್ರಕ್ಕೆ ಬಂದಿದ್ದು, ಮಕ್ಕಳು ಹನ್ನೆರಡನೆಯದನ್ನು ಇಲ್ಲೇ ಪಾಸು ಮಾಡಿದ್ದರೆ ಅವರಿಗೂ ಒಂದು ಪ್ರತ್ಯೇಕ ವರ್ಗವಿದೆ. ಇದು ತಿಳಿಯದೆ ಡೊಮಿಸೈಲ್ ಇಲ್ಲವೆಂದು ಕೈಚೆಲ್ಲಿ ಕೂತವರನ್ನು ನಾನು ಕಂಡಿದ್ದೇನೆ. 2024-25ರಿಂದ ವರ್ಷಕ್ಕೆ 8 ಲಕ್ಷದವರೆಗಿನ ಆದಾಯದ, ನಿಗದಿತ ವರ್ಗಗಳ ಮನೆಯ ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರ ಸರಕಾರ ಬೋಧನಾ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದೆ. ಆದರೆ ಕೇಂದ್ರೀಕೃತ ಪ್ರವೇಶದ ಮೂಲಕ ಸೇರಿದವರಿಗೆ ಮಾತ್ರ. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಿಗೆ ಅನ್ವಯಿಸದು. ನನ್ನಂಥ ಗುಮಾಸ್ತನ ಮನೆಯಲ್ಲಿ ನೆರೂಳೋ ಐರೋಲಿಯೋ ಎಂಬ ಪ್ರಶ್ನೆಯನ್ನು ಈ ಒಂದು ನಿಯಮವೇ ತೀರ್ಮಾನಿಸಬಲ್ಲದು.

ಕರ್ನಾಟಕಕ್ಕೆ ಹೋಗಬಯಸುವವರಿಗೆ ಅಲ್ಲಿಯ ಪ್ರವೇಶ ನಿಯಮಗಳಲ್ಲಿ ಹೊರನಾಡ ಮತ್ತು ಗಡಿನಾಡ ಕನ್ನಡಿಗರ ವರ್ಗವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಅದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಇದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ಮಗಳು ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುತ್ತಾಳೆ, ಆದರೆ ಅಕ್ಷರ ಬಾರದು. ಕಲಿಸಬೇಕಾದ ತಂದೆ ಸಂಘದ ಪತ್ರಿಕೆಗೆ ಕನ್ನಡದಲ್ಲಿ ಲೇಖನ ಬರೆಯುತ್ತಾ ಕೂತಿದ್ದಾನೆ. ಅಂದಿನಿಂದ ರಾತ್ರಿ ಊಟದ ನಂತರ ಅರ್ಧ ಗಂಟೆ ಕಾಗುಣಿತ ನಡೆದಿದೆ. ಅವಳು ಊರಿಗೆ ಹೋಗುವಳೋ ಇಲ್ಲವೋ, ಅದು ಬೇರೆ ಮಾತು.

ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟೆ: ಮೊದಲು ಮೊಮ್ಮಗ ಕಲಿಯಬಯಸುವ ಶಾಖೆ, ಆಮೇಲೆ ಕಾಲೇಜಿನ ಅಧ್ಯಾಪಕರು ಮತ್ತು ಪ್ರಯೋಗಶಾಲೆ, ಆಮೇಲೆ ಪ್ರಯಾಣದ ಹೊತ್ತು ಮತ್ತು ಖರ್ಚು, ಎಲ್ಲಕ್ಕೂ ಕೊನೆಗೆ ವಿಶ್ವವಿದ್ಯಾಲಯದ ಹೆಸರು. ವಿಶ್ವೇಶ್ವರಯ್ಯನವರನ್ನು ಇಂದು ಯಾರೂ ಮುಂಬಯಿಯ ಎಲ್.ಸಿ.ಇ. ಎಂದು ನೆನೆಯುವುದಿಲ್ಲ. ಆದರೆ ಆ ವಿದ್ಯಾರ್ಥಿವೇತನ ಸಿಗದಿದ್ದರೆ ಅವರೂ ಬಿ.ಎ. ಮಾಡಿ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗುತ್ತಿದ್ದರೇನೋ.

ನಿಯಮಗಳು ವರ್ಷವರ್ಷಕ್ಕೂ ಬದಲಾಗುತ್ತವೆ. ಆಯಾ ವರ್ಷದ ಅಧಿಕೃತ ಕೈಪಿಡಿಯನ್ನು ಓದಿಯೇ ಅರ್ಜಿ ಹಾಕಬೇಕು. ಆದಾಯದ ದಾಖಲೆ, ವಾಸದ ದಾಖಲೆ, ನೌಕರಿಯ ಪ್ರಮಾಣಪತ್ರ ಇವುಗಳಲ್ಲಿ ಸಂಶಯವಿದ್ದವರು ಭಾನುವಾರ ಸಂಜೆ ಸಂಘದಲ್ಲಿ ನನ್ನನ್ನು ಕಾಣಬಹುದು. ಕಾಗದಪತ್ರ ಹೊಂದಿಸುವುದು ಗುಮಾಸ್ತನಿಗೆ ಬರುವ ವಿದ್ಯೆ. ಅದನ್ನಾದರೂ ನಮ್ಮವರ ಮಕ್ಕಳಿಗೆ ಬಳಸೋಣ.