ಪೆರ್ಪಿನ್ಯಾ: ಊರು ಅಲ್ಲೇ, ಗಡಿ ಬೇರೆ

ನಕ್ಷೆ ತೆರೆಯ ಮೇಲೆ ಕಾಣಿಸುತ್ತಿದೆ ಅಂದುಕೊಳ್ಳುತ್ತೇನೆ. ಇದು ಫ್ರಾನ್ಸಿನ ದಕ್ಷಿಣದ ಕೊನೆ. ಎಡಕ್ಕೆ ಪಿರೆನೀಸ್ ಪರ್ವತ, ಬಲಕ್ಕೆ ಮೆಡಿಟರೇನಿಯನ್ ಸಮುದ್ರ, ನಡುವೆ ರೂಸಿಯೋಂ ಅನ್ನುವ ಬಯಲು. ಬೆಟ್ಟದಿಂದ ಇಳಿದು ಬರುವ ತೆತ್ ನದಿಯ ದಡದಲ್ಲಿ ಪೆರ್ಪಿನ್ಯಾ ಪಟ್ಟಣವಿದೆ. ಸುತ್ತ ದ್ರಾಕ್ಷಿ, ಹಣ್ಣಿನ ತೋಟಗಳು. ಪಶ್ಚಿಮಕ್ಕೆ 2,784 ಮೀಟರ್ ಎತ್ತರದ ಕಾನಿಗೂ ಶಿಖರ. ಸ್ಪೇನಿನ ಗಡಿಗೆ ಸುಮಾರು 30 ಕಿ.ಮೀ., ಕಾಸರಗೋಡಿನಿಂದ ತಲಪಾಡಿಗೆ ಇರುವಷ್ಟು ಅನ್ನಿ.

ಇಲ್ಲಿಯ ಹಳೆಯ ಮಾತು ಕತಲಾನ್. ಗಡಿಯಾಚೆಯ ಬಾರ್ಸಿಲೋನಾದಲ್ಲೂ ಅದೇ. 1276ರಲ್ಲಿ ಮಯೋರ್ಕಾ ರಾಜ್ಯ ಬೇರೆಯಾದಾಗ, ದ್ವೀಪದ ಹೆಸರು ಹೊತ್ತ ಆ ರಾಜ್ಯದ ಅರಮನೆ ಎದ್ದದ್ದು ಈ ಊರಿನಲ್ಲಿ. ಈಗಲೂ ದಿಬ್ಬದ ಮೇಲೆ ಅದು ನಿಂತಿದೆ. 1344ರಲ್ಲಿ ಅರಗಾನಿನ ದೊರೆ ನಾಲ್ಕನೆಯ ಪೆರೆ ರಾಜ್ಯವನ್ನು ವಶಪಡಿಸಿಕೊಂಡ. 1350ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದವನೂ ಅವನೇ. ಆಮೇಲೆ ಫ್ರಾನ್ಸ್ ಒಮ್ಮೆ ಹಿಡಿದು 1493ರಲ್ಲಿ ಬಿಟ್ಟುಕೊಟ್ಟಿತು. 1642ರಲ್ಲಿ ಮುತ್ತಿಗೆ ಹಾಕಿ ಮತ್ತೆ ಹಿಡಿಯಿತು.

1659ರ ಪಿರೆನೀಸ್ ಒಪ್ಪಂದ ಇದಕ್ಕೆ ಮುದ್ರೆ ಒತ್ತಿತು. ಎರಡು ರಾಜ್ಯಗಳನ್ನು ಪಿರೆನೀಸ್ ಪರ್ವತವೇ ಬೇರ್ಪಡಿಸಲಿ ಅಂತ ಅದರಲ್ಲಿ ಬರೆದರು. ಕೇಳಲು ಸರಿಯಾಗೇ ಇದೆ. ಆದರೆ ಬೆಟ್ಟದ ನಡುವಿನ ಸೆರ್ದಾನ್ಯ ಕಣಿವೆ ಯಾರದು? ಮರುವರ್ಷ ಮತ್ತೆ ಕೂತು 33 ಹಳ್ಳಿಗಳನ್ನು ಫ್ರಾನ್ಸಿಗೆ ಕೊಟ್ಟರು. ಯಿವಿಯಾ ಮಾತ್ರ "ನಾವು ಹಳ್ಳಿಯಲ್ಲ, ಪಟ್ಟಣ" ಎಂಬ ಹಳೆಯ ಹಕ್ಕಿನ ಬಲದಿಂದ ಸ್ಪೇನಿನಲ್ಲೇ ಉಳಿಯಿತು. ಇವತ್ತಿಗೂ ಸುತ್ತ ಫ್ರಾನ್ಸ್, ಮಧ್ಯೆ ಸ್ಪೇನಿನ ಆ ಒಂದು ತುಣುಕು! ಬೆಟ್ಟ ಗಡಿ ಹಾಕಿತು ಅಂತ ಪಠ್ಯಪುಸ್ತಕ ಹೇಳಿದಾಗ ನನಗೆ ಯಿವಿಯಾ ನೆನಪಾಗುತ್ತದೆ.

ಗಡಿ ಬದಲಾದ ಮಾತ್ರಕ್ಕೆ ಮನೆಮಾತು ಬದಲಾಗಲಿಲ್ಲ. ನನ್ನ ಲೆಕ್ಕದಲ್ಲಿ 1659ಕ್ಕಿಂತ ದೊಡ್ಡ ವರ್ಷ 1700. ಆ ವರ್ಷ ಹದಿನಾಲ್ಕನೆಯ ಲೂಯಿ ಒಂದು ಶಾಸನ ಹೊರಡಿಸಿ, ನ್ಯಾಯಾಲಯದ ಕಾಗದ, ಕರಾರುಪತ್ರ ಎಲ್ಲವೂ ಫ್ರೆಂಚಿನಲ್ಲೇ ಇರಬೇಕು, ಇಲ್ಲದಿದ್ದರೆ ಅಸಿಂಧು ಎಂದ. ಯೋಚಿಸಿ: ಮಾತಾಡಬೇಡಿ ಅಂತ ಯಾರೂ ಹೇಳಲಿಲ್ಲ. ಆದರೆ ಜಮೀನು ಮಾರುವವನು, ಮಗಳ ಮದುವೆಯ ಕರಾರು ಬರೆಸುವವನು, ತನಗೆ ಅರ್ಥವಾಗದ ಕಾಗದಕ್ಕೆ ರುಜು ಹಾಕಬೇಕಾಯಿತು. ಗಡಿನಾಡಿನ ನಮ್ಮಲ್ಲಿ ತಾಲ್ಲೂಕು ಕಚೇರಿಯ ಕಾಗದ ಹಿಡಿದು ಓದಿಕೊಡುವವರನ್ನು ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡೂ ಒಂದೇ ಅಂತ ಹೇಳುತ್ತಿಲ್ಲ. ಅಲ್ಲಿ ದೊರೆಯ ಶಾಸನ, ಇಲ್ಲಿ ಅಲ್ಪಸಂಖ್ಯಾತ ಭಾಷೆಗೆ ಸಂವಿಧಾನದ ರಕ್ಷಣೆ ಇದೆ.

ಮುಂದೆ 1881-82ರ ಶಿಕ್ಷಣ ಕಾನೂನುಗಳು ಮಕ್ಕಳನ್ನೆಲ್ಲ ಫ್ರೆಂಚ್ ಶಾಲೆಗೆ ತಂದವು. 1939ರಲ್ಲಿ ಫ್ರಾಂಕೋನ ಸೇನೆಗೆ ಹೆದರಿ ಲಕ್ಷಾಂತರ ಜನ ಕೆಲವೇ ವಾರಗಳಲ್ಲಿ ಬೆಟ್ಟ ದಾಟಿ ಬಂದರು. ಅವರಲ್ಲಿ ಅನೇಕರದು ಕತಲಾನ್ ಮಾತು. ಆದರೂ ಅವರನ್ನು ಸಮುದ್ರ ತೀರದ ಮರಳಿನ ಮೇಲೆ ಮುಳ್ಳುತಂತಿಯೊಳಗೆ ಇರಿಸಲಾಯಿತು.

ಕತಲಾನಿನಲ್ಲೇ ಕಲಿಸುವ 'ಬ್ರೆಸ್ಸೋಲಾ' ಶಾಲೆ ಪೆರ್ಪಿನ್ಯಾದಲ್ಲಿ ಶುರುವಾದದ್ದು 1976ರಲ್ಲಿ. 2022ರಲ್ಲಿ ಹತ್ತಿರದ ಎಲ್ನ್ ಊರಿನ ಪುರಸಭೆ, ಸದಸ್ಯರು ಕತಲಾನಿನಲ್ಲಿ ಮಾತಾಡಬಹುದು, ಜೊತೆಗೆ ಫ್ರೆಂಚ್ ಅನುವಾದ ಕೊಡಬೇಕು ಅಂತ ನಿಯಮ ಮಾಡಿತು. 2023ರಲ್ಲಿ ಮೊಂಪೆಲಿಯೆಯ ಆಡಳಿತ ನ್ಯಾಯಾಲಯ ಅದನ್ನು ರದ್ದು ಮಾಡಿತು.